ಚಾರ್ಜರ್ ಪಕ್ಕದ ಹೂವಿನ ಬುಟ್ಟಿ

ದೀಪ ಹತ್ತುವ ಹೊತ್ತು. ಪಾರ್ಕಿನ ಗೇಟಿನ ಹೊಂಗೆ ಮರದ ಕೆಳಗೆ ಚಿಕ್ಕತಾಯಮ್ಮ ಹೂ ಕಟ್ಟುತ್ತಾ ಕೂತಿದ್ದಳು. ಎಲೆಕ್ಟ್ರಿಕ್ ಗಾಡಿಗಳ ಚಾರ್ಜರ್‌ಗೆ ಜಾಗ ಹುಡುಕುತ್ತಾ ಊರೆಲ್ಲ ಸುತ್ತುತ್ತಿದ್ದ ಎಂಜಿನಿಯರ್ ಶ್ರೀಕಂಠಯ್ಯ ಟೇಪು ಹಿಡಿದು ಅವಳ ಮುಂದೆಯೇ ಬಂದು ನಿಂತರು.

"ಚಾರ್ಜರ್ ಇಲ್ಲೇ ಬರುತ್ತೆ. ನಾಳೆಯಿಂದ ನೀನು ಜಾಗ ಖಾಲಿ ಮಾಡು."

ಚಿಕ್ಕತಾಯಮ್ಮನ ಬೆರಳು ದಾರ ಬಿಡಲಿಲ್ಲ.

"ಆಗಲಿ ಸ್ವಾಮಿ. ಒಂದು ಗಾಡಿ ಚಾರ್ಜ್ ಆಗೋಕೆ ಎಷ್ಟು ಹೊತ್ತು ಬೇಕು?"

"ಒಂದು ಗಂಟೆ."

"ಅಲ್ಲೀವರೆಗೂ ಗಾಡಿಯವರು ಇಲ್ಲೇ ಕಾಯ್ಬೇಕಾ?"

"ಮತ್ತೆ? ಗಾಡಿ ಬಿಟ್ಟು ಹೋಗಕ್ಕಾಗುತ್ತಾ?"

"ಹಂಗಾದ್ರೆ ದಿನಾ ಮನೆಗೆ ತಡವಾಗಿ ಹೋಗ್ತಾರೆ. ಬರಿಗೈಲಿ ಹೋದ್ರೆ ಹೆಂಡ್ತೀರು ಬಾಗಿಲು ತೆಗೀತಾರಾ, ಸ್ವಾಮಿ?"

ಈ ಸರ್ವೆ ಶುರುವಾದ ಮೇಲೆ ಶ್ರೀಕಂಠಯ್ಯನವರೂ ಒಂದು ದಿನವೂ ಹೊತ್ತಿಗೆ ಸರಿಯಾಗಿ ಮನೆ ಸೇರಿರಲಿಲ್ಲ. ಮೆಲ್ಲಗೆ ಟೇಪನ್ನು ಮರದ ಆಚೆ ಬದಿಗೆ ಹಿಡಿದರು. ಅಳತೆ ಅಲ್ಲೂ ಸರಿಯಾಗಿಯೇ ಬಂತು.

ಜೀಪಿನವರೆಗೆ ಹೋದವರು ತಿರುಗಿ ಬಂದರು.

"ಒಂದು ಮೊಳ ಮಲ್ಲಿಗೆ ಕೊಡಮ್ಮ."

ಚಿಕ್ಕತಾಯಮ್ಮ ಅವರ ಬಾಡಿದ ಮುಖ ನೋಡಿದಳು.

"ನಿಮ್ಮ ತಡ ಒಂದು ಮೊಳಕ್ಕೆ ಮುಗಿಯೋದಲ್ಲ, ಸ್ವಾಮಿ," ಎಂದು ಮಾರುದ್ದ ಅಳೆದು ಕೊಟ್ಟಳು.