ತುಂಗವ್ವನ ಬೇವು ಕೈ ಕೇಳಿದ್ದು

ತಾಯಿ ಬಾಳಮ್ಮನವರ ಪಾದಕ್ಕೆ ಮೊದಲು ಹಣೆ ಹಚ್ಚಿ ಆಮೇಲೆ ಬಾಯಿ ತೆರೆಯುತ್ತೇನೆ. ಅವರ ಮಹಿಮೆ ಹೇಳುವಾಗ ಓಣಿಯವರ ಹುಳುಕೂ ನಾಲ್ಕು ಹೊರಗೆ ಬರುತ್ತವೆ. ಬರಲಿ. ಹುಳುಕು ಮುಚ್ಚಿಟ್ಟು ಮಹಿಮೆ ಒಂದನ್ನೇ ಹೇಳಿದರೆ ಕೇಳಿದವರಿಗೆ ಏನೂ ತಿಳಿಯುವುದಿಲ್ಲ.

ಹಳೇ ಹುಬ್ಬಳ್ಳಿಯಲ್ಲಿ ನಮ್ಮ ಸುಣಗಾರ ಓಣಿಯ ಕೊನೆಗೆ ಒಂದು ಆರಿದ ಸುಣ್ಣದ ಭಟ್ಟಿ ಇತ್ತು. ನಾಯಿ ಕೂಡ ಮಲಗದಂಥ ಆ ಭಟ್ಟಿಯ ಬಾಯಲ್ಲಿ ಗೋಣಿತಟ್ಟು ಹಾಸಿಕೊಂಡು ತಾಯಿಯವರು ವಾಸವಾಗಿದ್ದರು. ಒಂದು ತಂಬಿಗೆ, ಒಂದು ಸಲಿಕೆ, ಮೈಮೇಲಿನ ಸೀರೆ, ಇಷ್ಟೇ ಅವರ ಸಂಸಾರ. ಎಲ್ಲಿಂದ ಬಂದರು ಅಂತ ಯಾರಿಗೂ ಗೊತ್ತಿರಲಿಲ್ಲ. ಶ್ರೀಶೈಲದ ಕಡೆಯವರು ಅಂತ ಕೆಲವರು ಅಂದರು. ನಮ್ಮ ಎದುರು ಮನೆಯ ಶಾರವ್ವ ಮಾತ್ರ, "ಗಂಡನ್ನ ಬಿಟ್ಟು ಓಡಿ ಬಂದಾಕಿ ಇರಬೇಕು" ಅಂದಳು. ತಾನು ಬಂದ ದಾರಿ ಮರೆತವರಿಗೆ ಇಂಥ ಮಾತು ಬೇಗ ಬಾಯಿಗೆ ಬರುತ್ತದೆ. ಆ ದಾರಿಯ ಸುದ್ದಿ ಮುಂದೆ ಬರುತ್ತದೆ, ಸ್ವಲ್ಪ ತಾಳಿ.

ನಮ್ಮ ಓಣಿಯಲ್ಲಿ ಆಗ ಒಂದೂ ಮರ ಇರಲಿಲ್ಲ. ತಲೆತಲಾಂತರದಿಂದ ಸುಣ್ಣ ಸುಟ್ಟ ನೆಲ, ಹುಲ್ಲು ಸಹ ಹುಟ್ಟುತ್ತಿರಲಿಲ್ಲ. ಏಪ್ರಿಲ್ ಬಂದರೆ ಓಣಿಯೆಲ್ಲ ಕಾದ ಹೆಂಚು. ತಾಯಿಯವರು ಬಂದ ವರ್ಷವೇ ಮನೆ ಮನೆಗೆ ಹೋಗಿ, "ಮನಿಗೊಂದು ಗಿಡ" ಎಂದರು. ಬಿಳಿ ಮಣ್ಣು ತೆಗೆಸಿ, ಕೆರೆಯ ಗೋಡುಮಣ್ಣು ತರಿಸಿ ತುಂಬಿಸಿದರು. ಗಂಡಸರು ಚಕ್ಕಡಿ ಹೊಡೆದರು, ಹೆಂಗಸರು ಬುಟ್ಟಿ ಹೊತ್ತರು. ತಾಯಿಯವರು ತಾವೇ ಸಲಿಕೆ ಹಿಡಿದು ಗಿಡದ ಕುಣಿಯೊಳಗೆ ಇಳಿಯುತ್ತಿದ್ದರು.

ಅವರು ಹಾಕಿದ ಕಟ್ಟಳೆ ಎರಡೇ. ಒಂದು, ನಿನ್ನ ಬಾಗಿಲ ಗಿಡಕ್ಕೆ ನೀನು ನೀರು ಹಾಕಬಾರದು, ಎದುರು ಮನೆಯವರು ಹಾಕಬೇಕು. ಓಣಿಯಲ್ಲಿ ಎದುರುಬದುರು ಮನೆಯವರಿಗೆ ಮಾತೇ ಇರಲಿಲ್ಲ, ಗೊತ್ತಲ್ಲ! ಮುಖ ಸಿಂಡರಿಸಿಕೊಂಡೇ ಕೊಡ ಹಿಡಿದು ಬರುತ್ತಿದ್ದರು. ಬಂದ ಮೇಲೆ ಎಷ್ಟು ದಿನ ಅಂತ ಸುಮ್ಮನೆ ಇರುತ್ತಾರೆ? "ನಿಮ್ಮ ಗಿಡಕ್ಕ ಹುಳ ಹತ್ತೇದವ್ವಾ" ಅಂತ ಶುರುವಾಗಿ ಅರ್ಧ ಓಣಿಯ ಜಗಳ ಗಿಡದ ಬುಡದಲ್ಲೇ ಹರಿದುಹೋಯಿತು.

ಎರಡನೆಯದು, ಗಿಡಕ್ಕೆ ಹೆಸರಿಡಬೇಕು. ಕೂಸಿಗೆ ಇಡುವಂತೆಯೇ ಸೋದರತ್ತೆ ಬಂದು ಗಿಡದ ಹತ್ತಿರ ಬಗ್ಗಿ "ಕುರ್ರ್" ಅಂದು ಹೆಸರು ಕೂಗಬೇಕು, ಉಳಿದ ಹೆಂಗಸರು ಆಕೆಯ ಬೆನ್ನಿಗೆ ಗುದ್ದಬೇಕು. "ದೇವರ ಹೆಸರು ಬ್ಯಾಡ, ಬದುಕಿದ್ದವರದೂ ಬ್ಯಾಡ. ಮನಿ ಬಿಟ್ಟು ಹೋದವರ ಹೆಸರಿಡ್ರಿ" ಎಂದರು ತಾಯಿಯವರು. ಹೀಗಾಗಿ ನಮ್ಮ ಮನೆ ಮುಂದೆ ನನ್ನ ಅತ್ತೆ ಹೊಂಗೆಯಾಗಿ ನಿಂತಳು. ಬದುಕಿದ್ದಾಗ ಒಂದು ತಂಬಿಗೆ ನೀರು ಕೊಟ್ಟರೂ ಹೆಸರಿಡುತ್ತಿದ್ದಳು. ಈಗ ಎದುರು ಮನೆಯವರು ಕೊಟ್ಟದ್ದನ್ನು ಕುಡಿದು ತೆಪ್ಪಗೆ ಇದ್ದಳು.

ಎದುರು ಮನೆ ದ್ಯಾಮಣ್ಣನದು. ಒಂದು ಕಾಲಕ್ಕೆ ಓಣಿಗೆಲ್ಲ ದೊಡ್ಡ ಭಟ್ಟಿ ಅವನದೇ. ಮೊದಲ ಹೆಂಡತಿ ತುಂಗವ್ವ ಮನೆ ಮುಂದಿನ ಸುಣ್ಣದ ಕುಣಿಗೆ ಬಿದ್ದು ಸತ್ತಳು. ಸುಟ್ಟ ಕಲ್ಲಿಗೆ ನೀರು ಬಿಟ್ಟು ಸುಣ್ಣ ಅರಳಿಸುವ ಕುಣಿ ಅದು, ನೀರು ಬಿದ್ದ ಕೂಡಲೇ ಕುದಿಯುತ್ತದೆ. ನಾನು ಆಗ ಬಾಣಂತನಕ್ಕೆ ತವರಿಗೆ ಹೋಗಿದ್ದೆ. ಈ ಓಣಿಯಲ್ಲಿ ನನ್ನ ಕಣ್ಣಿಗೆ ತಪ್ಪಿದ ಸುದ್ದಿ ಅದೊಂದೇ. ತಿರುಗಿ ಬಂದಾಗ ಒಬ್ಬೊಬ್ಬರು ಒಂದೊಂದು ಹೇಳಿದರು. ಅವನೇ ನೂಕಿದ ಅಂದರು, ಅವಳೇ ಹಾರಿದಳು ಅಂದರು. ದ್ಯಾಮಣ್ಣ ಮಾತ್ರ ಪೊಲೀಸರಿಗೂ, ಬೀಗರಿಗೂ, ಮಠದ ಸ್ವಾಮಿಗಳಿಗೂ ಒಂದೇ ಮಾತು ಹೇಳಿದ: "ಭಟ್ಟಿ ಸಪ್ಪಳಕ್ಕ ಆಕಿ ಒದರಿದ್ದು ನನಗ ಕೇಳಸ್ಲಿಲ್ಲ." ಆಮೇಲೆ ಕುಣಿಗೆ ಚಪ್ಪಡಿ ಮುಚ್ಚಿ, ಮಣ್ಣು ಎಳೆದ. ಕುಣಿಯ ಸುಣ್ಣ ತಣ್ಣಗಾಗುವುದರೊಳಗೆ ಶಾರವ್ವ ಹಸಿರು ಬಳೆ ತೊಟ್ಟು ಒಳಗೆ ಬಂದಳು. ಮದುವೆಗೆ ಮೊದಲೇ ಆ ಮನೆಯ ಹಿತ್ತಲ ಬಾಗಿಲು ಆಕೆಗೆ ಪರಿಚಯ ಇತ್ತು. ಇರಲಿ, ನನಗೇಕೆ!

ಗಿಡದ ಜಾಗ ತೋರಿಸಲು ತಾಯಿಯವರು ದ್ಯಾಮಣ್ಣನ ಬಾಗಿಲಿಗೆ ಬಂದರು. ಅತ್ತ ಇತ್ತ ನೋಡದೆ, ನೇರ ಆ ಮುಚ್ಚಿದ ಕುಣಿಯ ಮೇಲೆ ಪಾದ ಇಟ್ಟು, "ಇಲ್ಲಿ" ಎಂದರು. ಅವರಿಗೆ ಯಾರೂ ಹೇಳಿರಲಿಲ್ಲ. ದ್ಯಾಮಣ್ಣನ ಮುಖ ಸುಣ್ಣವಾಯಿತು. "ಇಲ್ಲಿ ಏನೂ ಹುಟ್ಟೂದಿಲ್ಲ ಯವ್ವಾ" ಅಂದ. ತಾಯಿಯವರು ಚಪ್ಪಡಿ ಸರಿಸಿ ಸಲಿಕೆ ಎತ್ತಿದರು. ಅಗೆದಷ್ಟೂ ಬಿಳುಪು, ಮತ್ತೂ ಬಿಳುಪು. ಅಷ್ಟು ವರ್ಷದ ಮೇಲೂ ತಳದ ಮಣ್ಣು ಕೈಗೆ ಬೆಚ್ಚಗೆ ಹತ್ತುತ್ತಿತ್ತು. ಬುಟ್ಟಿ ಹೊತ್ತವಳು ನಾನೇ, ಸುಳ್ಳಲ್ಲ.

ಅಲ್ಲಿ ಬೇವಿನ ಸಸಿ ಇಟ್ಟರು. ಹೆಸರು ಕೂಗಲು ದ್ಯಾಮಣ್ಣನ ಅಕ್ಕ ಹೊಳೆವ್ವ ಬಂದಿದ್ದಳು. ಅವರ ಮುತ್ತಜ್ಜಿ ಈರವ್ವನ ಹೆಸರು ಅಂತ ಮನೆಯಲ್ಲಿ ಗೊತ್ತು ಮಾಡಿದ್ದರು. ಹೊಳೆವ್ವ ಬಗ್ಗಿದಳು. "ಕುರ್ರ್, ತುಂಗವ್ವಾ" ಅಂದಳು. ಗುದ್ದಲು ಎತ್ತಿದ ನಮ್ಮ ಕೈಗಳು ಮೇಲೆಯೇ ನಿಂತವು. ಹೊಳೆವ್ವ ಬಾಯಿ ಮುಚ್ಚಿಕೊಂಡು, "ನಾ ಅನ್ನಲಿಲ್ಲವ್ವಾ, ಅನ್ನಿಸ್ತು" ಅಂತ ಅತ್ತಳು. ತಾಯಿಯವರು, "ಕೂಗಿದ್ದು ಆತು" ಎಂದಷ್ಟೇ ಹೇಳಿ ಮುಂದಿನ ಮನೆಗೆ ನಡೆದರು.

ಎದುರು ಮನೆಯವಳಾದ್ದರಿಂದ ಆ ಬೇವಿಗೆ ನೀರು ನನ್ನದು. ಅದು ಬೆಳೆದ ಪರಿ ಹೇಳಬೇಕು. ಒಂದು ಕೊಡ ಸುರಿದರೆ ಬೇರೆ ಗಿಡಗಳ ಬುಡದಲ್ಲಿ ನೀರು ಸ್ವಲ್ಪ ಹೊತ್ತು ನಿಲ್ಲುತ್ತದೆ. ಇಲ್ಲಿ ನೆಲದ ಒಳಗಿಂದ ಗಟಗಟ ಅಂತ ಸಪ್ಪಳ ಬಂದು ಕ್ಷಣದಲ್ಲಿ ಖಾಲಿ. ಉರಿ ಹತ್ತಿದವರು ಕುಡಿದ ಹಾಗೆ. ಕೆಲವೇ ಮಳೆಗಾಲಕ್ಕೆ ಅದು ಮಾಳಿಗೆಯ ಎತ್ತರ ಆಯಿತು. ಕಾಗೆ ಅದರಲ್ಲಿ ಗೂಡು ಕಟ್ಟಲಿಲ್ಲ. ಹೊಳೆವ್ವ ಹೆಸರು ಕೂಗಿದ ಕಡೆ ತೊಗಟೆ ಮಡಚಿ, ಮನುಷ್ಯರ ಕಿವಿಯಂಥ ಒಂದು ಗಂಟು ಮೂಡಿತು.

ದ್ಯಾಮಣ್ಣನಿಗೆ ಸಹಿಸಲಾಗದ್ದು ಮರವಲ್ಲ, ಹೆಸರು. ಸತ್ತ ಮೇಲೆ ಆ ಮನೆಯಲ್ಲಿ ಯಾರೂ ಎತ್ತದ ಹೆಸರು ಈಗ ದಿನ ಬೆಳಗಾದರೆ ಓಣಿಯ ತುಂಬ ಓಡಾಡುತ್ತಿತ್ತು. "ತುಂಗವ್ವಗ ನೀರ ಹಾಕಿದಿ ಏನ ಚಿಗವ್ವಾ?" ಅಂತ ನನ್ನನ್ನು ಕೇಳುವರು. "ತುಂಗವ್ವ ಹೂ ಬಿಟ್ಟಾಳ ನೋಡ್ರೇ, ಎಷ್ಟು ಚಂದ!" ನಾನಂತೂ ಅವನು ಕಟ್ಟೆಗೆ ಬಂದು ಕೂತದ್ದು ಕಂಡರೆ ಇನ್ನಷ್ಟು ಗಟ್ಟಿ ಅನ್ನುತ್ತಿದ್ದೆ.

ಒಂದು ದಿನ ಶಾರವ್ವ ನಮ್ಮ ಮನೆಗೆ ಬಂದು, "ಒಗ್ಗರಣಿಗೆ ಒಂದೀಟು ಇಂಗು ಕೊಡು. ಮೊನ್ನೆ ತಂದ ಡಬ್ಬಿ ಬರಿದಾಗೇತಿ, ಯಾರ ಹೊಟ್ಟಿಗೆ ಹೋತೋ" ಅಂದಳು. ಯಾರ ಹೊಟ್ಟೆಗೆ ಅಂತ ನನ್ನ ಮೂಗಿಗೆ ಆಗಲೇ ತಿಳಿದಿತ್ತು. ಮರಕ್ಕೆ ತೂತು ಕೊರೆದು ಇಂಗು ತುಂಬಿದರೆ ಮರ ಒಣಗುತ್ತದೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೋಗಿ ನೋಡಿದೆ. ಇಡೀ ಬೊಡ್ಡೆ ಬಿಟ್ಟು, ಬುದ್ಧಿಗೆಟ್ಟ ದ್ಯಾಮಣ್ಣ ಆ ಕಿವಿಯಲ್ಲೇ ಕೊರೆದು, ಇಂಗು ಜಡಿದು, ಮೇಲೆ ಸುಣ್ಣದ ಗಾರೆ ಮೆತ್ತಿದ್ದ.

ಎರಡು ದಿನಕ್ಕೆ ಬೇವು ಅವನ ಮನೆಯ ಕಡೆಗೆ ಮಾತ್ರ ಹಳದಿಯಾಯಿತು. ಮತ್ತು ದ್ಯಾಮಣ್ಣನ ಎರಡೂ ಕಿವಿ ಮುಚ್ಚಿದವು.

ಅರ್ಧ ಕೇಳುವುದು, ಮುಕ್ಕಾಲು ಕೇಳುವುದು ಅಲ್ಲ. ಹಿಂದೆ ಲಾರಿ ಹಾರನ್ನು ಹೊಡೆದರೂ ತಿರುಗಲಿಲ್ಲ. ದವಾಖಾನೆಯಲ್ಲಿ ಕಿವಿಗೆ ದೀಪ ಹಿಡಿದು ನೋಡಿ ಏನೂ ಇಲ್ಲ ಅಂದರು. ಏನೂ ಇಲ್ಲದಿದ್ದರೆ ಅವನ ದಿಂಬು ಇಂಗು ನಾರುವುದು ಯಾಕೆ? ಶಾರವ್ವ ತೊಳೆದು ತೊಳೆದು ಸುಸ್ತಾದಳು. ಆಕೆಯೇ ಬಂದು ನನ್ನ ಮುಂದೆ ಪಿಸುಗುಟ್ಟಿದಳು: "ಮಧ್ಯಾಹ್ನ ಉಣ್ಣಾಕ ಕುಂತಾಗ ತುತ್ತು ಕೈಯಾಗ ಹಿಡಿದು, ಬಾಗಿಲ ಕಡೆ ನೋಡಿ, 'ಬಂದೆ, ತಡಿ, ಬಂದೆ' ಅಂತಾರ ಚಿಗವ್ವಾ. ಹೊರಗ ಯಾರೂ ಇರೂದಿಲ್ಲ."

ಅದೇ ವೇಳೆಗೆ ನಾನೂ ಒಂದು ಕಂಡೆ. ಮಟಮಟ ಮಧ್ಯಾಹ್ನ ಓಣಿಯ ಎಲ್ಲ ಮರಗಳ ನೆರಳು ಬುಡಕ್ಕೆ ಬಂದು ಕೂತಿದ್ದರೆ, ತುಂಗವ್ವನ ನೆರಳು ಮಾತ್ರ ಅವನ ಹೊಸ್ತಿಲ ತನಕ ಚಾಚಿತ್ತು. ತುದಿಯಲ್ಲಿ ಐದು ಟೊಂಗೆ, ಬಿಡಿಸಿದ ಬೆರಳಿನ ಹಾಗೆ.

ದ್ಯಾಮಣ್ಣ ಹಟಮಾರಿ, ಇಷ್ಟಾದರೂ ತಾಯಿಯವರ ಹತ್ತಿರ ಹೋಗಲಿಲ್ಲ. "ಆ ಭಟ್ಟಿಯಾಗಿನ ಮುದುಕಿ ಮಾಟ ಮಾಡ್ಸ್ಯಾಳ" ಅಂತ ತನಗೇ ಕೇಳದ ದನಿಯಲ್ಲಿ ಕೂಗಾಡಿದ.

ಆಮೇಲೆ ತೊಟ್ಟಿಲ ಸಂಗತಿ ಆಯಿತು. ದ್ಯಾಮಣ್ಣನ ಸೊಸೆ ರತ್ನಾ ತನ್ನ ಕೂಸನ್ನು ಪಡಸಾಲೆಯ ತೊಟ್ಟಿಲಲ್ಲಿ ಮಲಗಿಸಿ, ಮಾವ ಹತ್ತಿರವೇ ಕೂತಿದ್ದಾನಲ್ಲ ಅಂತ ನೀರಿಗೆ ಹೋದಳು. ಕೂಸು ಹೊರಳಿ, ಕುತ್ತಿಗೆಗೆ ತೊಟ್ಟಿಲ ಬಟ್ಟೆ ಸುತ್ತಿಕೊಂಡು ಕಿರುಚಿತು. ನನ್ನ ಅಡುಗೆಮನೆಗೆ ಕೇಳಿತು! ನಾನು ಓಡಿ ಹೋಗಿ ಬಿಡಿಸುವಾಗ ಕೂಸಿನ ತುಟಿ ನೀಲಿಯಾಗಿತ್ತು. ದ್ಯಾಮಣ್ಣ ಒಂದು ಮೊಳ ದೂರದಲ್ಲಿ ಬೆನ್ನು ಮಾಡಿ ಎಲೆ ಅಡಿಕೆ ಹಾಕುತ್ತಿದ್ದ. ಕೊಡ ಒಗೆದು ಬಂದ ರತ್ನಾ ಅವನ ಎದುರು ನಿಂತು ಎದೆ ಬಡಿದುಕೊಂಡಳು. "ಮಾವಾ, ಕೂಸು ಒದರಿದ್ದು ನಿಮಗ ಕೇಳಸ್ಲಿಲ್ಲೇನ್ರೀ?"

ಕಿವಿಗೆ ಬೀಳದಿದ್ದರೂ ತುಟಿ ನೋಡಿ ಅವನಿಗೆ ತಿಳಿಯಿತು. ಅವನದೇ ಮಾತು ಅದು. ಎಲೆ ಅಡಿಕೆ ಬಾಯಿಂದ ಜಾರಿ ಬಿತ್ತು. ಚಪ್ಪಲಿ ಸಹ ಮೆಟ್ಟದೆ, ಉರಿ ಬಿಸಿಲಲ್ಲಿ ಭಟ್ಟಿಯ ತನಕ ಓಡಿ ತಾಯಿಯವರ ಪಾದದ ಮೇಲೆ ಬಿದ್ದ.

"ಒಂದೇ ದನಿ ಕೇಳ್ತೈತಿ ಯವ್ವಾ. ಬ್ಯಾರೆ ಏನೂ ಇಲ್ಲ. 'ಏನ್ರೀ, ಕೈ ಕೊಡ್ರೀ' ಅಂತಾಳ. ದಿನಾ ಅಂತಾಳ."

ತಾಯಿಯವರು ಗಿಡಗಳಿಗೆ ಗೊಬ್ಬರ ಕಲೆಸುತ್ತಿದ್ದರು. ಕೈ ಒರೆಸಿಕೊಂಡು ಎದ್ದರು. ಅವನ ಕಿವಿಯ ಹತ್ತಿರ ಬಾಯಿ ತರಲಿಲ್ಲ, ದನಿ ಏರಿಸಲಿಲ್ಲ. ಮೆಲ್ಲಗೆ, "ಕೈ ಕೇಳ್ಯಾಳ. ಕೊಡು" ಎಂದರು. ಆ ಮಾತು ಅವನಿಗೆ ಕೇಳಿಸಿತು. ನಾನು ಹಿಂದೆಯೇ ಹೋಗಿದ್ದೆ. ಅವನು ತಲೆ ಎತ್ತಿದ್ದನ್ನು ನೋಡಿದೆ.

ನಮ್ಮ ಮಾತಿನಲ್ಲಿ ಕೈ ಕೊಡುವುದು ಅಂದರೆ ಎರಡು ಅರ್ಥ. ಹಿಡಿದು ಎತ್ತುವುದೂ ಅದೇ, ನಡುನೀರಿನಲ್ಲಿ ಬಿಡುವುದೂ ಅದೇ. ತುಂಗವ್ವ ಕೇಳಿದ್ದು ಒಂದು, ಇವನು ಕೊಟ್ಟದ್ದು ಇನ್ನೊಂದು.

ಬೇವಿನ ಹತ್ತಿರ ಓಣಿಯೆಲ್ಲ ಕೂಡಿತು. ದ್ಯಾಮಣ್ಣ ಗಾರೆ ಕಿತ್ತು, ಇಂಗು ತೆಗೆಯಲು ಬೆರಳು ಹಾಕಿದ. ಬೆರಳು ಹಿಡಿಸುವಷ್ಟೇ ಕೊರೆದ ತೂತು ಅದು. ನಾವು ನೋಡನೋಡುತ್ತ ಮುಂಗೈ ತನಕ ಒಳಗೆ ಹೋಯಿತು. ಆಮೇಲೆ ಹೊರಗೆ ಬರಲಿಲ್ಲ. ಜಗ್ಗಿದ. ಇಬ್ಬರು ಗಂಡಸರು ಸೊಂಟ ಹಿಡಿದು ಜಗ್ಗಿದರು. ಗಾಳಿ ಇಲ್ಲ, ಎಲೆ ಅಲುಗುತ್ತಿಲ್ಲ, ಮರದ ಒಳಗಿಂದ ಮಾತ್ರ ಸುಣ್ಣ ಕುದಿಯುವ ಕೊತಕೊತ ಸಪ್ಪಳ. "ಕೊಡಲಿ ತರ್ರಿ" ಅಂತ ಶಾರವ್ವ ಚೀರಿದಳು. ತಾಯಿಯವರು ಕೈ ಅಡ್ಡ ಮಾಡಿದರು. "ಮರ ಹಿಡಿದಿಲ್ಲ. ಅವನ ಮಾತು ಹಿಡದೈತಿ."

ಆಗ ದ್ಯಾಮಣ್ಣ ಮರದ ಕಿವಿಗೆ ಹಣೆ ಹಚ್ಚಿ ಹೇಳಿದ. ನಾವೆಲ್ಲ ಕೇಳಿದೆವು.

"ತುಂಗಾ, ಕೇಳಸ್ತು. ನನಗ ಕೇಳಸ್ತು. ಮುಂಜಾನೆ ಜಗಳಾಡಿದ್ವಿ. ನಾ ಉಣ್ಣಾಕ ಕುಂತಿದ್ದೆ. ನೀ ಕಾಲ ಜಾರಿ ಬಿದ್ದಿ. ಏನ್ರೀ, ಕೈ ಕೊಡ್ರೀ ಅಂದಿ. ಇನ್ನೊಂದೀಟು ಒದರಲಿ, ಸೊಕ್ಕು ಇಳೀಲಿ ಅಂತ ತುತ್ತು ಕಲಿಸಿಕೋತ ಕುಂತೆ. ಕೈ ತೊಳಕೊಂಡು ಹೊರಗ ಬರೂದ್ರಾಗ ನೀ ಸುಮ್ಮನಾಗಿದ್ದಿ."

ಓಣಿ ಇಷ್ಟು ವರ್ಷ ಏನೇನೋ ಕಟ್ಟಿ ಮಾತಾಡಿತ್ತು, ನಾನೂ ಆಡಿದ್ದೆ. ಇಷ್ಟು ಸಣ್ಣದು, ಇಷ್ಟು ಕೆಟ್ಟದ್ದು ಯಾರಿಗೂ ಹೊಳೆದಿರಲಿಲ್ಲ. ಮರದ ಒಳಗಿನ ಕುದಿ ನಿಂತಿತು. ಕೈ ತಾನೇ ಜಾರಿ ಹೊರಗೆ ಬಂತು.

ಬೆರಳ ತುದಿಯಿಂದ ಮುಂಗೈ ತನಕ ಆ ಕೈ ಸುಣ್ಣದಂತೆ ಬೆಳ್ಳಗಾಗಿತ್ತು. ಸುಟ್ಟ ಗಾಯವಲ್ಲ, ನೋವಿಲ್ಲ. ದ್ಯಾಮಣ್ಣ ಅದನ್ನು ನೋಡಲಿಲ್ಲ. ಮನೆಯ ಕಡೆ ತಿರುಗಿ, "ಕೂಸು ಅಳಾಕತ್ತೇತಿ" ಅಂದ. ಹೌದು, ಒಳಗೆ ಅಳುತ್ತಿತ್ತು. ಅವನೇ ಮೊದಲು ಓಡಿದ.

ಅಂದಿನಿಂದ ಅವನು ತಾಯಿಯವರ ಆಳಾಗಿ ದುಡಿದ. ಸಾಯುವ ತನಕ ಬೆಳಗಾದರೆ ಆ ಬಿಳಿ ಕೈಯಲ್ಲಿ ಕೊಡ ಹಿಡಿದು ನನ್ನ ಅತ್ತೆಯ ಹೊಂಗೆಗೆ ನೀರು ಹಾಕುತ್ತಿದ್ದ, ಆಮೇಲೆ ಕೈಲಾಗದ ಮನೆಯವರ ಪಾಲಿನದೂ ಹಾಕುತ್ತಿದ್ದ. ಯಾರಾದರೂ ಕರೆದರೆ ಎರಡನೇ ಸಲ ಕರೆಸಿಕೊಳ್ಳುತ್ತಿರಲಿಲ್ಲ. ಬೇವಿನ ಹಳದಿ ಕಡೆ ಮುಂದಿನ ಚೈತ್ರಕ್ಕೆ ಕೆಂಪಗೆ ಚಿಗುರಿತು. ತೂತು ಮುಚ್ಚಿಕೊಂಡಿತು, ಕಿವಿ ಉಳಿಯಿತು. ಶಾರವ್ವ ಮಾತ್ರ ಇವತ್ತಿಗೂ ಸಾರಿಗೆ ಇಂಗು ಹಾಕುವುದಿಲ್ಲ.

ತಾಯಿಯವರು ಲಿಂಗೈಕ್ಯರಾದದ್ದು ಆಮೇಲೆ. ಅವರ ಹಿಂದೆಯೇ ದ್ಯಾಮಣ್ಣನೂ ಹೋದ. ಕಟ್ಟಳೆಯಂತೆ ಒಂದು ಸಸಿ ಇಟ್ಟೆವು, ಬೇವಿನಿಂದ ಮೂರು ಮಾರು ಬಿಟ್ಟು. ನಡು ಬಗ್ಗಿದ ಹೊಳೆವ್ವ ಬಂದು "ಕುರ್ರ್, ದ್ಯಾಮಣ್ಣಾ" ಅಂದಳು, ನಾವು ಮುದುಕಿಯರು ಮೆಲ್ಲಗೆ ಗುದ್ದಿದೆವು.

ಅದಕ್ಕೂ ನೀರು ನನ್ನದೇ. ಗಿಡಗಳು ಬಿಸಿಲು ಇದ್ದ ಕಡೆ ಬಾಗುತ್ತವೆ ಅಂತ ನನ್ನ ಮೊಮ್ಮಗಳು ಶಾಲೆಯಲ್ಲಿ ಕಲಿತು ಬಂದು ಹೇಳುತ್ತಾಳೆ. ಆಕೆಯನ್ನು ಕರೆದುಕೊಂಡು ಹೋಗಿ ತೋರಿಸಿದೆ. ಬಿಸಿಲು ಆ ಕಡೆ ಇದೆ. ದ್ಯಾಮಣ್ಣ ಈ ಕಡೆ, ನೆರಳಿನ ಒಳಗೆ, ಬೇವಿನ ಬುಡದ ಕಡೆ ಬಾಗಿಕೊಂಡು ಹೊರಟಿದ್ದಾನೆ. ಈ ಮಳೆಗಾಲಕ್ಕೆ ಅವನ ಒಂದು ಟೊಂಗೆ ಆ ಕಿವಿಯ ತನಕ ಮುಟ್ಟುತ್ತದೆ. ಆ ಟೊಂಗೆಯ ತೊಗಟೆ ತುದಿಗೆ ಬೆಳ್ಳಗಿದೆ.