ಕೋಟೆ ಬಾಗಿಲಲ್ಲಿ ಕರಿಸಿದ್ದನ ಇಂಗ್ಲಿಷು

ನಮ್ಮೂರ ಕೋಟೆ ಬಾಗಿಲಿಗೆ ಇನ್ನೂ ಕದ, ಕದಕ್ಕೆ ತೆಂಗಿನಕಾಯಿ ಗಾತ್ರದ ಬೀಗ ಇದ್ದ ಕಾಲ. ಬಾಗಿಲ ಪಕ್ಕ ತಿಪ್ಪಮ್ಮ ಮಂಡಕ್ಕಿ ಮಾರ್ತಿದ್ದಳು. ಆ ಒಗ್ಗರಣೆ ಘಮ ಈಗೆಲ್ಲಿ ಬರಬೇಕು! ಅವಳಿಗೊಬ್ಬನೇ ಮಗ, ಕರಿಸಿದ್ದ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರೀಲಿತ್ತು.

ಕೋಟೆ ತೋರಿಸೋ ಮುದುಕ ಕೆಲಸ ಬಿಟ್ಟ. ಅದು ಮಗನಿಗೆ ಸಿಕ್ಕರೆ ತಾನು ಕಣ್ಮುಚ್ಚಿದ ಮೇಲೂ ಅವನಿಗೆ ಅನ್ನ ಅಂತ ತಿಪ್ಪಮ್ಮನ ಆಸೆ. ಆದರೆ ಇಂಗ್ಲಿಷ್ ಬೇಕಂತೆ! ಓಡಿದಳು ಮಹಬೂಬ್ ಮೇಷ್ಟ್ರ ಹತ್ರ.

"ಸುಲಭ ಕಣಮ್ಮ. ಲೋ ಸಿದ್ದ, ಸುತ್ತ ನೀರಿದ್ರೆ ಸರೌಂಡೆಡ್ ಬೈ ವಾಟರ್. ಸುತ್ತ ಗೋಡೆ ಇದ್ರೆ ಸರೌಂಡೆಡ್ ಬೈ ವಾಲ್ಸ್. ಸುತ್ತ ಏನೈತೋ ನೋಡು, ಹೇಳು!"

ಮಾರನೇ ದಿನ ಗಂಡ-ಹೆಂಡತಿ ಇಬ್ಬರು ಬಂದರು. ಕೈಲಿದ್ದ ಬಾಳೆಹಣ್ಣಿಗೆ ಕೋತಿಗಳು ಮುತ್ತಿಕೊಂಡವು. ಆಯಮ್ಮ ಕಿರುಚಿದಳು. ಸಿದ್ದ ಕೈಕಟ್ಟಿ ನಿಂತು, "ಸರೌಂಡೆಡ್ ಬೈ ಮಂಕೀಸ್!" ಅಂದ. ಹಣ್ಣು ಹೋಯ್ತು, ಕನ್ನಡಕ ಹೋಯ್ತು, ಅವರೂ ಹೋದರು.

"ಅಯ್ಯೋ ನನ್ ಕರ್ಮವೇ!" ಅಂದಳು ತಿಪ್ಪಮ್ಮ. "ಹೇಳ್ತಾ ನಿಂತ್ಯಾ? ಸುತ್ಕೊಂಡೋರ್ನ ಕೋಲು ತಗೊಂಡು ಓಡಿಸ್ಬೇಕು ಕಣೋ!"

"ಹೂನವ್ವ!"

ಆಮೇಲೆ ಬಂದರು ಮದುಮಕ್ಕಳು, ಫೋಟೋ ತೆಗೆಸೋಕೆ. ಸುತ್ತ ಅತ್ತೆ, ಮಾವ, ಬೀಗರು. "ಸರೌಂಡೆಡ್ ಬೈ ಬೀಗ್ರು!" ಅಂದವನೇ ಕೋಲು ಬೀಸಿದ. ಬೀಗರು ಬುರುಜು ಹತ್ತಿದರು, ಸೋದರಮಾವನ ಪೇಟ ಕಂದಕದಲ್ಲಿ ತೇಲಿತು.

"ಓಡಿಸ್ಬೇಡ್ವೋ ದಡ್ಡ!" ಮೇಷ್ಟ್ರು ತಲೆ ಚಚ್ಚಿಕೊಂಡರು. "ಒಳಗೆ ಕರ್ಕೊಂಡೋಗಿ 'ಎನ್‌ಕ್ಲೋಸ್ಡ್ ಆನ್ ಆಲ್ ಸೈಡ್ಸ್' ಅನ್ನು. ನಾಕೂ ಕಡೆ ಮುಚ್ಚೈತೆ ಅಂತ."

"ನಾಳೆ ಕೆಲ್ಸ ಕೊಡೋ ಸಾಹೇಬ್ರೇ ನಿನ್ನ ನೋಡೋಕೆ ಬರ್ತಾರೆ," ಅಂದಳು ತಿಪ್ಪಮ್ಮ. "ಸುಳ್ಳು ಮಾತ್ರ ಹೇಳ್ಬೇಡ ಮಗ!"

ಸಾಹೇಬರು ಬಂದರು. ತಿಪ್ಪಮ್ಮ ಮಂಡಕ್ಕಿ ಪೊಟ್ಟಣ ಹಿಡಿದು ಅವರ ಹಿಂದೆಯೇ ಕೋಟೆಯೊಳಕ್ಕೆ ಹೋದಳು. ಸಿದ್ದ ಬಾಯಿ ತೆರೆದ, ತಿರುಗಿ ನೋಡಿದ. ಮೂರು ಕಡೆ ಗೋಡೆ ಸರಿ, ನಾಕನೇ ಕಡೆ ಬಾಗಿಲು ತೆರೆದಿದೆಯಲ್ಲ! ಸುಳ್ಳಾಗುತ್ತದಲ್ಲ! ಓಡಿ ಹೊರಗೆ ಬಂದ, ಕದ ಎಳೆದ, ಬೀಗ ಜಡಿದ, ಕೂಗಿದ:

"ಸಾರ್! ಎನ್‌ಕ್ಲೋಸ್ಡ್ ಆನ್ ಆಲ್ ಸೈಡ್ಸ್!"

ಸಾಹೇಬರು ಬುರುಜು ಹತ್ತಿ ಬಗ್ಗಿದರು. "ಏಯ್! ಬೀಗದಕೈ ಎಸೆಯೋ!"

ಎಲ್ಲಿಗೆ ಅನ್ನಲಿಲ್ಲ. ಎಸೆದ. ಕಂದಕದಲ್ಲಿ ಬುಳುಂಕ್!

"ಎಲ್ಲೋ ಬೀಗದಕೈ?"

ಸಿದ್ದ ಬಗ್ಗಿ, ಸುತ್ತ ಏನೈತೋ ನೋಡಿ, ಎದೆಯುಬ್ಬಿಸಿ ಅಂದ: "ಸರೌಂಡೆಡ್ ಬೈ ವಾಟರ್, ಸಾರ್!"

ಮೇಲೆ ಸಾಹೇಬರ ಪಕ್ಕದಲ್ಲೇ ತಿಪ್ಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮಂಡಕ್ಕಿ ಪೊಟ್ಟಣ ಮುಂದೆ ಹಿಡಿದಳು.

"ಇಂಗ್ಲಿಷು ಸರಿಯಾಗೇ ಐತಲ್ಲ ಸ್ವಾಮಿ... ಕೆಲ್ಸ ಕೊಡ್ತೀರಾ?"