ವಾರಿಜಮ್ಮನವರ ಎಡಗಾಲಿನ ಶೂ

ಇಟಲಿಯ ಒಂದು ಸರೋವರದ ದಂಡೆಯಲ್ಲಿ, ಹಳೇ ಕಾಲದ ಶ್ರೀಮಂತರ ಬಂಗಲೆಯ ತೋಟದೊಳಗೆ, ಪುಟ್ಟ ಚರ್ಚೊಂದಿತ್ತು. ದಾವಣಗೆರೆಯಿಂದ ಪ್ರವಾಸಕ್ಕೆ ಬಂದಿದ್ದ ವಾರಿಜಮ್ಮನವರು ದೇವರಿರುವ ಜಾಗವೆಂದು ರೂಢಿಯಂತೆ ಶೂ ಬಿಚ್ಚಿ ಬಾಗಿಲಲ್ಲಿಟ್ಟು ಒಳಗೆ ಹೋದರು. ಎಡಗಾಲಿನ ಶೂ ಉಸ್ಸಪ್ಪಾ ಎಂದಿತು. “ಮೂರು ದಿನದಲ್ಲಿ ಇದು ಒಂಬತ್ತನೆಯ ಬಂಗಲೆ” ಎಂದು ಗೊಣಗಿತು. ಅದರ ಅಟ್ಟೆ ಸವೆದುಹೋಗಿತ್ತು.

ಮೆಟ್ಟಿಲ ಬಳಿ ಮಲಗಿದ್ದ ಮುದಿ ಆಮೆ ಕತ್ತು ಹೊರಹಾಕಿ ಕೇಳಿತು: “ಒಂಬತ್ತು ತೋಟ ಸುತ್ತಿದೆಯಲ್ಲ, ಏನೇನು ನೋಡಿದೆ?”

“ಜಲ್ಲಿಕಲ್ಲು. ನಿಮ್ಮಲ್ಲಿಯದು ಸ್ವಲ್ಪ ಬಿಳುಪು.”

“ನಿನ್ನ ಯಜಮಾನಿ?”

“ಫೋಟೊ ತೆಗೆಯುತ್ತಾರೆ, ಗಡಿಯಾರ ನೋಡುತ್ತಾರೆ, ದೋಣಿಗೆ ಓಡುತ್ತಾರೆ. ರೂಮಿಗೆ ಹೋಗಿ ಕಾಲು ಒತ್ತಿಕೊಳ್ಳುತ್ತ ನರಳುತ್ತಾರೆ. ಅಜ್ಜಾ, ನೀವೆಷ್ಟು ನೋಡಿದ್ದೀರಿ?”

“ಇದೊಂದೇ ತೋಟ. ಅರವತ್ತು ವರ್ಷವಾಯಿತು, ಇನ್ನೂ ಮುಗಿದಿಲ್ಲ.”

ಶೂ ಮೆಟ್ಟಿಲ ಪಕ್ಕದ ಪೊದೆಯತ್ತ ನೋಡಿತು. ಆಮೇಲೆ, “ನನ್ನನ್ನು ಆ ಪೊದೆಯೊಳಗೆ ತಳ್ಳಿಬಿಡಿ” ಎಂದಿತು.

“ಸಿಗದೇ ಹೋದರೆ ಇಲ್ಲೇ ಬಿಟ್ಟು ಹೋಗುತ್ತಾರೆ. ಮಳೆಗೆ ಕೊಳೆಯುತ್ತೀಯ.”

“ಕೊಳೆತರೆ ಕೊಳೆಯಲಿ. ತಳ್ಳಿ.”

ಆಮೆ ತಳ್ಳಿತು. ವಾರಿಜಮ್ಮನವರು ಹೊರಬಂದು ಮೆಟ್ಟಿಲ ಮೇಲೆ ಕೆಳಗೆ ಹುಡುಕಿದರು. ಅಷ್ಟರಲ್ಲಿ ದೋಣಿ ಸಿಳ್ಳೆ ಹಾಕಿ ಹೊರಟೇ ಹೋಯಿತು. ಇನ್ನೊಂದು ಇದ್ದದ್ದು ಸಂಜೆಗೆ. ಬೇರೆ ದಾರಿಯಿಲ್ಲದೆ ಅವರು ಒಂಟಿ ಶೂ ಕೈಯಲ್ಲಿ ಹಿಡಿದು, ಬರಿಗಾಲನ್ನು ಹುಲ್ಲಿನ ಮೇಲೆ ಚಾಚಿ ಕುಳಿತರು. ಬೈಯಲು ಯಾರಾದರೂ ಸಿಕ್ಕಾರೆಯೇ ಎಂದು ತಲೆಯೆತ್ತಿದರು.

“ಅಯ್ಯೋ ಶಿವನೇ, ಈ ನೀರು ಮೊನ್ನೆಯಿಂದಲೂ ಇಷ್ಟು ನೀಲಿ ಇತ್ತಾ!”

ಪಕ್ಕದ ಪೊದೆಯಿಂದ ಶೂವಿನ ಲೇಸು ಗೇಣುದ್ದ ಹೊರಗೆ ಕಾಣುತ್ತಿತ್ತು. ಸಂಜೆಯ ದೋಣಿ ಬರುವವರೆಗೂ ಅವರು ಅತ್ತ ನೋಡಲೇ ಇಲ್ಲ.